ಎಡಗಡೆಯ ಬ್ರೇಕು

ಇದರಲ್ಲಿ ಒಂದೆರಡು ವಿವರ ತಪ್ಪಿರಬಹುದು; ನನ್ನ ದಿನಚರಿಯನ್ನೇ ನಾನು ಪೂರ್ತಿ ನಂಬುವವಳಲ್ಲ. ಹೋದ ವಾರ ಹೊಸನಗರದ ಅಕ್ಕನ ಮನೆಯಲ್ಲಿ, ಅವಳು ಡ್ರೈವಿಂಗ್ ಕಲಿಸುತ್ತಿದ್ದ ಹಳೆಯ ಕಾರನ್ನು ಗುಜರಿಗೆ ಕೊಡುವ ಮುಂಚೆ ಒರೆಸುತ್ತಿದ್ದೆ. ಅಂಥ ಕಾರುಗಳಲ್ಲಿ ಎಡಗಡೆ ಕೂತು ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕು ಇರುತ್ತದೆ, ನೀವು ನೋಡಿರುತ್ತೀರಿ. ಅದರ ರಬ್ಬರು ಸವೆದು ನುಣ್ಣಗಾಗಿತ್ತು.

ಅಕ್ಕ ಮೊದಲು ಕಲಿಸುತ್ತಿದ್ದದ್ದು ವಿಮಾನ ಹಾರಿಸುವುದನ್ನು. ರಜೆಗೆ ಬಂದಾಗ ದೋಸೆ ಹುಯ್ಯುತ್ತಲೇ ನನಗೆ ಪಾಠ. "ಹೆದರಿದವ್ರ ತಲೆಗೆ ಎಂತದೂ ಹತ್ತಲ್ಲ. ಮೊದ್ಲು ಕಲ್ತಿದ್ದೇ ಗಟ್ಟಿ, ತಪ್ಪು ಕಲ್ತ್ರೆ ತಪ್ಪೇ ಗಟ್ಟಿ. ಮತ್ತೆ, ಗೆದ್ದ ಖುಷಿ ಕೊಡ್ಬೇಕು ಮಾರಾಯ್ತಿ, ಆಗ ನಾಳೆನೂ ಬರ್ತಾರೆ." ನಾನು ಇದನ್ನೇ ಬಿ.ಎಡ್. ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದವಳು.

ಆ ಖುಷಿಯ ಪಾಠವೇ ಅವಳಿಗೆ ಮುಳುವಾಯಿತು. ವಿಮಾನ ಇಳಿಸಲು ಹೆದರುತ್ತಿದ್ದ ಒಬ್ಬ ಹುಡುಗಿ ಅವಳ ಶಿಷ್ಯೆ. ಅಂಥ ವಿಮಾನದಲ್ಲಿ ಕಲಿಯುವವರಿಗೂ ಕಲಿಸುವವರಿಗೂ ಅದನ್ನು ನಡೆಸುವ ಒಂದೊಂದು ಹಿಡಿ. ಎರಡೂ ಒಟ್ಟಿಗೇ ಅಲುಗುತ್ತವೆ. ನೆಲ ಹತ್ತಿರವಾಗಿ ವಿಮಾನದ ಮೂತಿ ಎತ್ತಬೇಕಾದ ಗಳಿಗೆಗೆ ಅಕ್ಕ ಎರಡೇ ಬೆರಳಲ್ಲಿ ತನ್ನ ಹಿಡಿಯನ್ನು ಚೂರು ಎಳೆದು, "ನೀನೇ ಇಳಿಸಿದೆ ನೋಡು!" ಎನ್ನುತ್ತಿದ್ದಳಂತೆ. ಹುಡುಗಿ ನಂಬಿದಳು. ಒಬ್ಬಳೇ ಹಾರಿದ ಮೊದಲ ದಿನ ಮೂತಿ ಏಳಲಿಲ್ಲ. ವಿಮಾನ ನೆಲಕ್ಕೆ ಬಡಿಯಿತು. ಹುಡುಗಿಯ ಜೀವ ಉಳಿಯಿತು, ಅವಳು ಮತ್ತೆಂದೂ ನಡೆಯಲಿಲ್ಲ. ವಿಚಾರಣೆಯಲ್ಲಿ ಆ ಎರಡು ಬೆರಳಿನ ಬಗ್ಗೆ ಯಾರೂ ಕೇಳಲಿಲ್ಲ, ಅಕ್ಕನೂ ಹೇಳಲಿಲ್ಲ. ನನ್ನೊಬ್ಬಳ ಹತ್ತಿರ ಹೇಳಿ, ಕೆಲಸ ಬಿಟ್ಟು ಊರಿಗೆ ಬಂದಳು.

ಆಮೇಲೆ ಈ ಕಾರು. ಮೊದಲ ಶಿಷ್ಯೆ ನಾನೇ. ಅಕ್ಕ ಸೀಟಿನ ಮೇಲೆ ಎರಡೂ ಕಾಲು ಮಡಚಿ ಕೂರುತ್ತಿದ್ದಳು.

"ಕಾಲು ಕೆಳಗಿಡೇ, ನಂಗೆ ಹೆದ್ರಿಕೆ."

"ಇಟ್ರೆ ನೀ ಕಲಿಯಲ್ಲ."

ಕೋಣಂದೂರು ರಸ್ತೆಯ ತಿರುವಿನಲ್ಲಿ ಎದುರಿಗೇ ಬಸ್ಸು. ನಮ್ಮ ಕಾರು ಗೇಣು ದೂರದಲ್ಲಿ ನಿಂತಿತು. "ಎಂತ ಅಮ್ಮ, ರೋಡ್ ನಿಮ್ದೇನಾ?" ಎಂದು ಬಸ್ಸಿನ ಡ್ರೈವರು ಬೈದ. ಅಕ್ಕ ನನ್ನ ಬೆನ್ನು ತಟ್ಟಿದಳು: "ನೀನೇ ನಿಲ್ಸಿದೆ ನೋಡು!"

ಆ ಮಾತಿನ ಧೈರ್ಯದ ಮೇಲೆ ಇಷ್ಟು ವರ್ಷ, ನನ್ನ ಶಾಲೆಯ ಮಕ್ಕಳನ್ನೂ ಕೂರಿಸಿಕೊಂಡು, ನನ್ನದೇ ಕಾರು ಓಡಿಸಿದ್ದೇನೆ. ಎರಡೂ ಕಾಲು ಮಡಚಿದ್ದಳು ಎಂದು ದಿನಚರಿಯಲ್ಲಿದೆ. ಈಗ ಕಣ್ಣು ಮುಚ್ಚಿದರೆ ಅವಳ ಒಂದು ಕಾಲು ಚಪ್ಪಲಿ ಸಮೇತ ಕೆಳಗೇ ಇದ್ದಂತೆ ಕಾಣುತ್ತದೆ. ಆ ಬ್ರೇಕಿನ ರಬ್ಬರು, ಕಾರು ಅವಳ ಕೈಗೆ ಬರುವ ಮೊದಲೇ ಸವೆದಿತ್ತೋ ಏನೋ.

ಒದ್ದೆ ಬಟ್ಟೆ ಹಿಡಿದೇ ಒಳಗೆ ಹೋಗಿ ಕೇಳಿದೆ. ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಲೇ ಇದ್ದಳು. ನನ್ನ ಕಾರನ್ನು ಅವಳ ಅಂಗಳದಲ್ಲೇ ಬಿಟ್ಟು ನಾನಿರುವ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಬಂದೆ. ದಿನಾ ಫೋನು ಮಾಡುತ್ತಾಳೆ; ಕಾರು ತಗೊಂಡು ಹೋಗು ಎನ್ನುತ್ತಾಳೆ. ನಾನು ದಿನಾ ಅದನ್ನೇ ಕೇಳುತ್ತೇನೆ:

"ಅಕ್ಕಾ, ಅವತ್ತು ಬ್ರೇಕ್ ಒತ್ತಿದ್ದು ನಾನಾ, ನೀನಾ?"