ಕಂಬಳಿ ಎಣಿಸಿದವನು

ಮಾನ್ವಿಯ ತಾಯಣ್ಣ ಯಾರ ಮನೆಯಲ್ಲೂ "ಎಷ್ಟು ಮಂದಿ ಇದ್ದೀರಿ" ಎಂದು ಕೇಳುತ್ತಿರಲಿಲ್ಲ. ಕೂಲಿಕಾರರ ಮನೆಯಲ್ಲಿ ಹುಟ್ಟಿ ಪಿಯುಸಿವರೆಗೆ ಓದಿದ ಅವನಿಗೆ ಕಾಯಂ ನೌಕರಿ ಸಿಕ್ಕಿರಲಿಲ್ಲ. ಎಪ್ಪತ್ತರ ದಶಕದುದ್ದಕ್ಕೂ ಸಿಡುಬು, ಮಲೇರಿಯಾ, ಕುಟುಂಬ ಯೋಜನೆ ಎಂದು ಬಂದ ಸಮೀಕ್ಷೆಗಳಿಗೆಲ್ಲ ದಿನಗೂಲಿಯ ಮೇಲೆ ಫಾರಂ ತುಂಬುತ್ತ ಸೈಕಲ್ಲಿನಲ್ಲಿ ಜಿಲ್ಲೆ ಸುತ್ತಿದ್ದ. ತಲೆ ಎಣಿಸಿದರೆ ದೃಷ್ಟಿ ತಾಗುತ್ತದೆಂದು ಹೆದರುವ ಮನೆಗಳಲ್ಲಿ ನೇರ ಪ್ರಶ್ನೆಗೆ ಸುಳ್ಳು ಉತ್ತರ ಬರುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಆದ್ದರಿಂದ ಕೂಲಿಯವರ ಮನೆಯಲ್ಲಿ ತಾಟು ಎಣಿಸುತ್ತಿದ್ದ, ಕುರಿಗಾರರ ಮನೆಯಲ್ಲಿ ಕಂಬಳಿ. ಅಲ್ಲಿ ಒಬ್ಬೊಬ್ಬರಿಗೂ ಅವರದೇ ಕಂಬಳಿ ಇರುತ್ತದೆ. ಕುರಿ ಬಿಡುವ ಮೊದಲು ಹೋದರೆ ಎಲ್ಲವೂ ಬಿದಿರಿನ ಗಳದ ಮೇಲೆ ಸಾಲಾಗಿ ಕಾಣುತ್ತವೆ.

೧೯೮೨ರಲ್ಲಿ ಸಂಶೋಧಕರ ತಂಡವೊಂದು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿಯಿತು. ಮನಸ್ಸಿನ ಕಾಯಿಲೆಯವರಿಗಾಗಿ ಮನೆಯವರು ಯಾರ ಬಳಿ ಹೋಗುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ, ಆ ಖರ್ಚಿಗೆ ತಕ್ಕ ಆರೈಕೆ ಸಿಗುತ್ತದೆಯೇ ಎಂಬುದು ಅವರ ಅಧ್ಯಯನ. ಎಲ್ಲಿ ಅಗತ್ಯ ಹೆಚ್ಚೆಂದು ಲೆಕ್ಕ ತೋರಿಸುತ್ತದೋ ಆ ತಾಲ್ಲೂಕಿಗೆ ತಿಂಗಳಿಗೊಮ್ಮೆ ಡಾಕ್ಟರರು ಬರುವುದು, ಮಾತ್ರೆ ಪುಕ್ಕಟೆ ಕೊಡುವುದು ಎಂದು ಮೊದಲೇ ತೀರ್ಮಾನವಾಗಿತ್ತು. ತಾಯಣ್ಣನಿಗೆ ದೇವದುರ್ಗ ಬಂತು.

ಫಾರಂ ನಾಲ್ಕು ಹಾಳೆಯದು. ಮನೆಯಲ್ಲಿರುವವರು ಎಷ್ಟು, ಅವರಲ್ಲಿ ಕಾಯಿಲೆಯವರು ಯಾರು ಎಂಬುದು ಮೊದಲ ಹಾಳೆ. ಯಾರೂ ಇಲ್ಲವೆಂದರೆ ಉಳಿದ ಮೂರು ಹಾಳೆ ಖಾಲಿ.

ದೇವದುರ್ಗದ ಅಂಚಿನ ಓಣಿಯಲ್ಲಿ ಕುರಿಗಾರ ದುರುಗಪ್ಪನ ಮನೆಗೆ ಅವನು ಹೋದದ್ದು ಆಷಾಢದ ಒಂದು ಬೆಳಿಗ್ಗೆ. ದುರುಗಪ್ಪ ಹಟ್ಟಿಯಿಂದಲೇ ಕೂಗಿದ.

"ಏನ್ರೀ ಮಾಸ್ತರ, ಕುರಿ ಎಣಸಾಕ ಬಂದೀರೋ, ಮಂದಿ ಎಣಸಾಕೋ?"

"ಎರಡೂ ಇಲ್ರೀ. ನೀರು ಕುಡ್ಯಾಕ ಬಂದೀನಿ."

"ಹಂಗಾದ್ರ ಬರ್ರಿ. ಕುರಿ ಎಣಿಸಿದ್ರ ತೋಳ ಬರ್ತದ, ಮಂದಿ ಎಣಿಸಿದ್ರ ಸರ್ಕಾರ ಬರ್ತದ. ತೋಳಾನ ವಾಸಿ!"

ತಾಯಣ್ಣ ನಕ್ಕು, ನೀರು ಕುಡಿಯುತ್ತ ಗಳದ ಕಡೆ ನೋಡಿದ. ಐದು ಕಂಬಳಿ. ಐದು ಎಂದು ಬರೆದ. ತಲೆ ಕೆಟ್ಟವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಾಗ, ಒಲೆಯ ಮುಂದಿದ್ದ ದುರುಗಪ್ಪನ ಹೆಂಡತಿ ಬಂಡೆಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಈ ಮನ್ಯಾಗ ಯಾರೂ ಇಲ್ಲ," ಎಂದಳು.

ಅದು ಸುಳ್ಳಾಗಿರಲಿಲ್ಲ. ತಾಯಣ್ಣ ಮೂರು ಹಾಳೆಗೂ ಅಡ್ಡಗೆರೆ ಎಳೆದ.

ದೀಪಾವಳಿಯ ಹೊತ್ತಿಗೆ, ಮನೆಗಳು ಮುಗಿದ ಮೇಲೆ, ರೋಗಿಗಳನ್ನು ಕರೆತರುವ ಗುಡಿ ದರ್ಗಾಗಳನ್ನು ನೋಡಿಬರುವ ಕೆಲಸ ಸಿಕ್ಕಿತು. ಮಾನ್ವಿಯಿಂದ ಎರಡು ಹರದಾರಿ ದೂರದ ಒಂದು ಸಣ್ಣ ದರ್ಗಾದಲ್ಲಿ, ಬೇವಿನ ಮರದ ಕೆಳಗೆ ಇಪ್ಪತ್ತರ ಆಸುಪಾಸಿನ ಹುಡುಗಿ ಕಂಬಳಿ ಹೊದ್ದು ಕೂತಿದ್ದಳು. ಕಾಲಿಗೆ ಸರಪಳಿ. ಪಕ್ಕದಲ್ಲಿ ಅವಳ ತಲೆ ಬಾಚುತ್ತಿದ್ದವಳು ಬಂಡೆಮ್ಮ. ಅಂದು ಗುರುವಾರ. ಪ್ರತಿ ಗುರುವಾರ ಬುತ್ತಿ ಕಟ್ಟಿಕೊಂಡು ಎರಡು ಬಸ್ಸು ಬದಲಿಸಿ ಅವಳು ಬರುತ್ತಿದ್ದಳು.

ತಾಯಣ್ಣ ಕಂಬಳಿಯನ್ನು ನೋಡಿದ. ಆರನೆಯದು.

"ಯವ್ವಾ, ಅವತ್ತ ಕೇಳಿದ್ನಲ್ಲ?"

"ಮನ್ಯಾಗ ಹೇಳಬಾರದೋ ತಮ್ಮಾ. ದರ್ಗಾಕ್ಕ ಒಪ್ಪಿಸೀವಿ. ತಿರುಗಿ ಬರೋತನ ಹೊಸ್ತಿಲ ಒಳಗ ಹೆಸರು ತಗೀಬಾರದು. ತಗದ್ರ, ಆಕಿನ ಬಿಟ್ಟು ಹೋಗಿದ್ದ ದೆವ್ವ ಹೆಸರಿನ ಬೆನ್ನು ಹತ್ತಿ ಬರ್ತದ."

ಹುಡುಗಿಯ ಹೆಸರು ಆದೆಮ್ಮ, ಬಂಡೆಮ್ಮನ ಮಗಳು ಎಂದು ಹೇಳಿದವನು ದರ್ಗಾ ನೋಡಿಕೊಳ್ಳುವ ಮುಜಾವರ ಪೀರಾ ಸಾಬ್. ಬಂಡೆಮ್ಮ ಉಳಿದದ್ದನ್ನು ಹೇಳಿದಳು. ರಾಯಚೂರಿನಲ್ಲಿ ಒಬ್ಬ ಡಾಕ್ಟರರಿಗೆ ಎಂಟು ಸಲ ತೋರಿಸಿದ್ದರು. ಅದಕ್ಕಾಗಿ ನಾಲ್ಕು ಟಗರು ಹೋಗಿದ್ದವು.

"ಡಾಕ್ಟರು ಏನಂದ್ರು?"

"ಅವರು ಮಾತಾಡಿದ್ದು ನನ್ನ ಗಂಡನ ಜೋಡಿ. ಆಕಿ ಮಾರಿನೂ ನೋಡಲಿಲ್ಲ. ಸೂಜಿ ಚುಚ್ಚಿದ್ರ ಎರಡು ದಿನ ಕಟಗಿ ಹಂಗ ಬೀಳ್ತಿದ್ಲು. ಈ ಸಾಬ್ರು ದಿನಾ ಮುಂಜಾನಿ ನಿದ್ದಿ ಬಂತೇನವ್ವಾ ಅಂತ ಕೇಳ್ತಾರ."

"ಕೇಳ್ತೀನಿ. ವಾಸಿ ಮಾಡಾಕ ನನಗ ಬರೂದಿಲ್ಲ," ಎಂದ ಪೀರಾ ಸಾಬ್. "ಸರಪಳಿ ಹಾಕ್ಲಿಲ್ಲಂದ್ರ ಹೊಳಿ ಕಡೆ ನಡೀತಾಳ. ಮಾತ್ರಿ ಸಿಕ್ರ ತಗದು ಒಗೀತೀನ್ರಿ."

ತಾಯಣ್ಣ ಹೊರಡುವಾಗ ಆದೆಮ್ಮ ಅವನ ಕೈಯಲ್ಲಿದ್ದ ಹಾಳೆಗಳನ್ನು ನೋಡಿ, "ನಾ ಇದೀನಾ ಅದ್ರಾಗ?" ಎಂದು ಕೇಳಿದಳು.

ಮರುದಿನ ರಾಯಚೂರಿನ ಕಚೇರಿಯಲ್ಲಿ ಮೇಲ್ವಿಚಾರಕ ಅಬ್ದುಲ್ ವಹೀದ್ ಫಾರಂ ತೆಗೆದು ನೋಡಿದರು.

"ಅರೆ ತಾಯಣ್ಣ, ಕಂಬಳಿ ಎಣಿಸಿ ಬರೆದ್ಯಾ? ಉಳಿದವರಿಗೂ ನೀನೇ ಕಲಿಸಿದ್ದು!"

"ತಿದ್ದಿ ಬರೀತೀನ್ರಿ."

"ದರ್ಗಾದಾಗ ಕೇಳಿದ್ದು ಮನಿ ಫಾರಂನಾಗ ಬರೋ ಹಂಗಿಲ್ಲ. ಮನ್ಯಾಗ ಕುಂತು, ಮನೆಯವರ ಬಾಯಿಂದ ಕೇಳಿ ಬರೀಬೇಕು. ಖಾಯಿದೆ ಅದು."

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕೂತು ಫಾರಂ ತುಂಬಿದ್ದರೂ ಯಾರೂ ಕೇಳುತ್ತಿರಲಿಲ್ಲ. ಆದರೆ ಹನ್ನೆರಡು ವರ್ಷದಲ್ಲಿ ತಾಯಣ್ಣ ಕೇಳದ, ಕಾಣದ ಮಾತನ್ನು ಬರೆದವನಲ್ಲ. ಅದೇ ಅವನ ಹೆಮ್ಮೆ. ಹೊಸ ಫಾರಂ ತೆಗೆದುಕೊಂಡು ದೇವದುರ್ಗಕ್ಕೆ ಹೋದ.

ದುರುಗಪ್ಪ ಕುರಿಯ ಹಿಂದೆ ಹೋಗಿದ್ದ. ಬಂಡೆಮ್ಮ ಒಬ್ಬಳೇ ಇದ್ದಳು. ಹೊರಗೆ ಕಟ್ಟೆಯ ಮೇಲೆ ಕೂತು ಹೇಳುತ್ತೇನೆ ಎಂದಳು. ಅವನು ಒಳಗೇ ಆಗಬೇಕೆಂದ.

"ನೀ ಹೇಳಿದ್ರ ಡಾಕ್ಟರು ಇಲ್ಲಿಗೇ ಬರ್ತಾರ ಯವ್ವಾ. ಟಗರು ಮಾರೂದು ಬ್ಯಾಡ, ರಾಯಚೂರಿಗೆ ಹೋಗೂದು ಬ್ಯಾಡ."

"ಖರೇನ ಬರ್ತಾರ?"

"ಬರ್ತಾರ."

ಅವಳು ಎದ್ದು ಬಾಗಿಲು ಮುಂದೆ ಮಾಡಿದಳು. ಹಿತ್ತಿಲ ಬಾಗಿಲನ್ನೂ ಹಾಕಿಬಂದಳು. ಒಲೆಯ ಕಡೆ ಮುಖ ಮಾಡಿ ನಿಂತು, ಸಣ್ಣ ದನಿಯಲ್ಲಿ, "ಆದೆಮ್ಮ," ಎಂದಳು. ತಾಯಣ್ಣ ಬರೆದುಕೊಂಡ. ಬರೆಯುವಷ್ಟು ಹೊತ್ತೂ ಬಂಡೆಮ್ಮ ತಿರುಗಿ ನೋಡಲಿಲ್ಲ.

ಅಡ್ಡಗೆರೆ ಎಳೆದು ಬಿಟ್ಟಿದ್ದ ಮನೆಗಳಿಗೆಲ್ಲ ಅವನು ಹೀಗೆಯೇ ತಿರುಗಿ ಹೋದ. ಆ ದಿನಗಳ ಕೂಲಿ ಯಾರೂ ಕೊಡಲಿಲ್ಲ. ಇನ್ನೂ ಒಂಬತ್ತು ಹೆಸರು ಸಿಕ್ಕವು. ಹತ್ತು ಫಾರಂ ಹಿಡಿದು ರಾಯಚೂರಿಗೆ ಬಂದಾಗ, ಎಣಿಕೆ ಮುಚ್ಚಿ ಆರು ದಿನವಾಗಿತ್ತು. ಇವನ್ನೂ ಸೇರಿಸಿಕೊಳ್ಳಿ ಎಂದು ವಹೀದ್ ಸಾಹೇಬರು ಮೇಲಿನವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ.

ಶಿವರಾತ್ರಿಯ ಮರುವಾರ ಆದೆಮ್ಮ ದರ್ಗಾದಿಂದ ಕಾಣೆಯಾದಳು. ಕಾಲು ಹುಣ್ಣಾಗಿದೆಯೆಂದು ಪೀರಾ ಸಾಬ್ ಒಂದು ಮಧ್ಯಾಹ್ನ ಸರಪಳಿ ಬಿಚ್ಚಿ, ಎಣ್ಣೆ ತರಲು ಒಳಗೆ ಹೋಗಿದ್ದ. ಹೊಳೆಯ ದಂಡೆಯುದ್ದಕ್ಕೂ ಎಂಟು ದಿನ ಹುಡುಕಿದರು. ಕಂಬಳಿಯೂ ಸಿಗಲಿಲ್ಲ.

ಅಧ್ಯಯನದ ವರದಿ ೧೯೮೪ರಲ್ಲಿ ಅಚ್ಚಾಯಿತು. ಮನಸ್ಸಿನ ಕಾಯಿಲೆಗೆ ದೇವದುರ್ಗದ ಮನೆಗಳು ಮಾಡುವ ಖರ್ಚು ಜಿಲ್ಲೆಯಲ್ಲೇ ಕಡಿಮೆ, ಅಲ್ಲಿ ಅಗತ್ಯವೂ ಕಡಿಮೆ ಎಂದು ಅದರಲ್ಲಿತ್ತು. ಡಾಕ್ಟರರು ಬೇರೆ ತಾಲ್ಲೂಕಿಗೆ ಹೋದರು.

ತಾಯಣ್ಣ ಸಮೀಕ್ಷೆಯ ಕೆಲಸ ಬಿಟ್ಟು ಮಾನ್ವಿ ಬಸ್‌ಸ್ಟ್ಯಾಂಡಿನ ಎದುರು ಅರ್ಜಿ ಬರೆದುಕೊಡಲು ಕೂತ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅವನಿಗೆ ಕೂರಲಾಗುತ್ತಿರಲಿಲ್ಲ. ಹೆಂಡತಿ ವೆಂಕಮ್ಮ ಮಗಳನ್ನು ಹೆಸರು ಹಿಡಿದು ಕೂಗಿದರೆ, "ಹೊರಗ ಬಂದು ಕರಿ" ಎನ್ನುತ್ತಿದ್ದ. ಏಕೆಂದು ಹೇಳುತ್ತಿರಲಿಲ್ಲ. ಇಂಥದ್ದನ್ನೆಲ್ಲ ನಂಬಿದವನಲ್ಲ ಅವನು.

೧೯೮೫ರ ಬೇಸಿಗೆಯಲ್ಲಿ ಬಂಡೆಮ್ಮ ಅವನ ಮೇಜಿನ ಮುಂದೆ ಬಂದು ನಿಂತಳು. ಬೈಯಬಹುದೆಂದು ಅವನು ಕಾದ. ಅವಳು ಬೈಯಲಿಲ್ಲ.

"ತಮ್ಮಾ, ನೀ ಓದಿದಾವ. ಒಂದು ಮಾತು ಹೇಳು. ನಾ ಒಳಗ ಹೆಸರು ತಗದಿದ್ದಕ್ಕ ಆಕಿ ಹ್ವಾದ್ಲೇನು?"

"ಇಲ್ಲ ಯವ್ವಾ."

"ಹೆಸರು ತಗದಿದ್ದು ನನ್ನ ಗಂಡಗ ನಾನ ಹೇಳೀನಿ. ಅಂವ ಹೌದಂತಾನ. ಎರಡು ವರ್ಷಾತು, ನನ್ನ ಕೂಡ ಮಾತಾಡಿಲ್ಲ."

"ಹಂಗೇನಿಲ್ಲ ಯವ್ವಾ. ತಪ್ಪು ನಂದು."

"ನಿಂದು ತಗೊಂಡು ನಾ ಏನ್ ಮಾಡ್ಲಿ? ನಂದಲ್ಲ ಅಂತ ಬರದು ಕೊಡು."

ಅವನು ಬಿಳಿ ಹಾಳೆ ತೆಗೆದ. ದೇವದುರ್ಗದ ಬಂಡೆಮ್ಮ ಗಂಡ ದುರುಗಪ್ಪ ಇವಳು ಮನೆಯಲ್ಲಿ ಮಗಳ ಹೆಸರು ಹೇಳಿದ್ದರಿಂದ ಮಗಳು ಹೋಗಲಿಲ್ಲ ಎಂದು ಬರೆದ. ಸಾವಿರಾರು ಫಾರಂ ತುಂಬಿದ್ದ ಕೈ ಆ ಒಂದು ಸಾಲಿಗೆ ಎರಡು ಸಲ ನಿಂತಿತು. ಕೇಳದ, ಕಾಣದ ಮಾತೊಂದನ್ನು ಅವನು ಬರೆಯುತ್ತಿದ್ದುದು ಅದೇ ಮೊದಲು.

ಸಹಿ ಹಾಕು ಎಂದಳು. ಹಾಕಿದ.

"ಈಗ ಓದು."

ಓದಿದ. ಅವಳು ಕಣ್ಣು ಮುಚ್ಚಿ ಕೇಳಿಸಿಕೊಂಡಳು.

"ಇನ್ನೊಮ್ಮೆ."

ದೇವದುರ್ಗದ ಕಡೆ ಹೋಗುವ ಬಸ್ಸು ಬರುವಷ್ಟರಲ್ಲಿ ತಾಯಣ್ಣ ಅದನ್ನು ನಾಲ್ಕು ಸಲ ಓದಿದ್ದ.