ಸುರುಳಿ ಮೇಷ್ಟ್ರು ಮತ್ತು ಮಾತು ಕೇಳದ ಕಂಪ್ಯೂಟರ್

ಕಣ್ಣು ಕಾಣದ ಓದುಗರಿಗಾಗಿ ಪುಸ್ತಕಗಳನ್ನು ಧ್ವನಿಯಲ್ಲಿ ಹಿಡಿದಿಡುವ ಕ್ಷೇತ್ರದಲ್ಲಿ ಓದಿದವರಿಗೆ ಹೆಸರು ಬರುತ್ತದೆ, ಬರೆದವರಿಗೆ ಹೇಗೂ ಹೆಸರು ಇದ್ದೇ ಇರುತ್ತದೆ. ಗಾಜಿನ ಈಚೆ ಕುಳಿತು ಆ ಧ್ವನಿ ಕೆಡದಂತೆ ಕಾಯುವವರನ್ನು ಯಾರೂ ನೆನೆಯುವುದಿಲ್ಲ. ಅವರು ನೆನಪಿಗೆ ಬಂದರೆ ಏನೋ ಕೆಟ್ಟಿದೆ ಎಂದೇ ಅರ್ಥ. ಈ ತಿಂಗಳ ಕೊನೆಗೆ ಧ್ವನಿ ಪುಸ್ತಕಾಲಯದ ಸೇವೆಯಿಂದ ನಿವೃತ್ತರಾಗುತ್ತಿರುವ ಹಿರಿಯ ತಂತ್ರಜ್ಞರು ಇಷ್ಟು ವರ್ಷ ಕೇಳುಗರ ನೆನಪಿಗೆ ಬಾರದಂತೆ ದುಡಿದರು. ಈ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಕೇಬಲನ್ನು ಮೊಣಕೈಗೆ ಸುತ್ತಿದವರ ಮೇಲೆ ರೇಗಿ, ಬಿಚ್ಚಿಸಿ, ಸರಿಯಾಗಿ ಸುರುಳಿ ಸುತ್ತುವವರೆಗೆ ಮನೆಗೆ ಬಿಡದ ಕಾರಣಕ್ಕೆ ಅವರಿಗೆ ಸುರುಳಿ ಮೇಷ್ಟ್ರು ಎಂಬ ಹೆಸರು ಬಿತ್ತು, ಬಿದ್ದದ್ದು ನಿಂತುಹೋಯಿತು.

ಅಭಿನಂದನ ಗ್ರಂಥಗಳಲ್ಲಿ ಎಲ್ಲರೂ ದೇವರಾಗುವುದು ವಾಡಿಕೆ. ಮೇಷ್ಟ್ರು ದೇವರಲ್ಲ. ಹೊಗಳಿಕೆಯಲ್ಲಿ ಜಿಪುಣರು, ಹಟದಲ್ಲಿ ಧಾರಾಳಿ. ಅವರನ್ನು ಬಹುಕಾಲ ಹತ್ತಿರದಿಂದ ಬಲ್ಲವರು, ಅಂದರೆ ಹತ್ತಿರದಿಂದ ಕೇಳಿಸಿಕೊಂಡವರು, ಕರಡಕ್ಕ. ಅಚ್ಚಿನ ಮನೆಯಲ್ಲಿ ಕರಡು ತಿದ್ದುವವರು ಇರುವಂತೆ ಧ್ವನಿ ಪುಸ್ತಕಾಲಯದಲ್ಲಿ ಕರಡು ಕೇಳುವವರು ಇರುತ್ತಾರೆ. ಹುಟ್ಟಿನಿಂದ ಕಣ್ಣು ಕಾಣದ ಕರಡಕ್ಕನ ಹುದ್ದೆ ಅದು. ಆ ಹುದ್ದೆ ಹುಟ್ಟಿದ್ದೇ ಮೇಷ್ಟ್ರಿಂದ.

ಮೇಷ್ಟ್ರು ಕೆಲಸಕ್ಕೆ ಸೇರಿದ್ದು ದೊಡ್ಡ ಟೇಪಿನ ಕಾಲದಲ್ಲಿ. ತಪ್ಪು ಓದಿದ ಸಾಲನ್ನು ಬ್ಲೇಡಿನಿಂದ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸುತ್ತಿದ್ದರು. ಆಮೇಲೆ ಕ್ಯಾಸೆಟ್ ಬಂತು. ಆಗ ಹಾಸ್ಟೆಲಿನಲ್ಲಿ ಓದುತ್ತಿದ್ದ ಕರಡಕ್ಕ ಒಂದು ದಿನ ಕೋಲು ಕುಟ್ಟಿಕೊಂಡು ಪುಸ್ತಕಾಲಯಕ್ಕೆ ಬಂದು, ‘ಈ ಕ್ಯಾಸೆಟ್ಟಿನಲ್ಲಿ ಒಂದು ಹಾಳೆ ನುಂಗಿದ್ದಾರೆ’ ಎಂದು ಜಗಳ ತೆಗೆದರು. ಓದಿದವರು ಊರಿನ ದೊಡ್ಡ ಮನುಷ್ಯರು; ಪುಕ್ಕಟೆಯಾಗಿ ಓದಿಕೊಟ್ಟವರು. ಕಚೇರಿಯವರಿಗೆ ಸಿಟ್ಟು ಬಂತು. ಮೇಷ್ಟ್ರು ಮಾತ್ರ ಕುರ್ಚಿ ಎಳೆದು ಹಾಕಿ, ಆಕೆಯ ಪಕ್ಕ ಕೂತು, ಪುಸ್ತಕ ಹಿಡಿದು ಆ ಭಾಗ ಕೇಳಿದರು. ಎರಡು ಹಾಳೆ ಒಟ್ಟಿಗೆ ಮಗುಚಿದ್ದು ನಿಜ. ಆ ದೊಡ್ಡ ಮನುಷ್ಯರನ್ನು ಮತ್ತೆ ಕರೆಸಿ ಓದಿಸಿದರು. ಆಕೆಗೆ ಹೇಳಿದ್ದು ಇಷ್ಟೇ: ‘ಪ್ರತಿ ವಾರ ಬಂದು ಹೀಗೇ ಬೈತಿರು ತಂಗಿ.’ ಬೈಗುಳಕ್ಕೆ ಸಂಬಳ ಕೊಡಿಸಲು ಅವರು ಆಡಳಿತ ಮಂಡಳಿಯ ಜೊತೆ ವರ್ಷಗಟ್ಟಲೆ ಗುದ್ದಾಡಿದರು ಎಂಬುದು ಆಕೆಗೆ ತಿಳಿದದ್ದು ಬೇರೆಯವರಿಂದ.

ಕರಡಕ್ಕ ಕೆಲಸಕ್ಕೆ ಸೇರಿದ ಹೊಸದರಲ್ಲಿ, ರೆಕಾರ್ಡಿಂಗ್ ನಡೆಯುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಬಾಗಿಲ ಮೇಲಿನ ಕೆಂಪು ದೀಪ ಅವರಿಗೆ ಏನು ಹೇಳೀತು? ಮೇಷ್ಟ್ರು ಬೈದರು, ಚೆನ್ನಾಗಿಯೇ ಬೈದರು. ಮರುದಿನದಿಂದ ರೆಕಾರ್ಡಿಂಗ್ ಇರುವಾಗಲೆಲ್ಲ ಬಾಗಿಲ ಹಿಡಿಗೆ ಒರಟು ಬಟ್ಟೆಯ ತುಂಡು ಕಟ್ಟಿರುತ್ತಿತ್ತು. ಅದು ಕೈಗೆ ತಾಕಿದರೆ ಕರಡಕ್ಕ ಹೊರಗೇ ನಿಲ್ಲುತ್ತಿದ್ದರು.

ಕಂಪ್ಯೂಟರ್ ಬಂದ ಮೇಲೆ ಎರಡು ಕಟ್ಟಳೆಗಳು ಬಂದವು. ಮೊದಲನೆಯದು, ಮೇಷ್ಟ್ರನ್ನು ಕೇಳದೆ ಮೈಕಿನ ತಂಟೆಗೆ ಯಾರೂ ಹೋಗಬಾರದು. ಹೋಗಲೇ ಎಂದು ಕೇಳಿದರೂ ಬಹುಪಾಲು ‘ಬೇಡ’ ಎಂದೇ ಉತ್ತರ. ಎರಡನೆಯದು, ಪರದೆಯ ಮುಂದೆ ಕೂತವರು ಅಲ್ಲಿ ಮೂಡಿದ್ದನ್ನೆಲ್ಲ ಗಟ್ಟಿಯಾಗಿ ಓದಬೇಕು. ಕರಡಕ್ಕನೂ ಕೆಲಸದಲ್ಲಿ ಸಮಪಾಲಿನವರು, ಅವರಿಗೆ ಗೊತ್ತಿಲ್ಲದ್ದು ಪರದೆಯ ಮೇಲೆ ಏನೂ ನಡೆಯಬಾರದು ಎಂಬುದು ಮೇಷ್ಟ್ರ ನಿಲುವು. ಈ ಎರಡು ಕಟ್ಟಳೆಗಳಿಂದ ಪುಸ್ತಕಾಲಯ ಸುಸೂತ್ರವಾಗಿ ನಡೆಯಿತು. ಒಂದು ದಿನ ಮಾತ್ರ ಮುಗ್ಗರಿಸಿತು.

ಆ ದಿನದ ಕಷ್ಟ ಅರ್ಥವಾಗಲು ವಕೀಲರ ಹಲ್ಲಿನ ವಿಷಯ ಹೇಳಬೇಕು. ವೃತ್ತಿ ಬಿಟ್ಟಿದ್ದ ಈ ವಕೀಲರು ಕಾನೂನು ವಿದ್ಯಾರ್ಥಿಗಳ ದಪ್ಪ ಪಠ್ಯದ ಮೊದಲ ಸಂಪುಟವನ್ನು ತಿಂಗಳುಗಟ್ಟಲೆ ಓದಿಕೊಡುತ್ತ ಬಂದಿದ್ದರು. ಉಳಿದಿದ್ದದ್ದು ಕೊನೆಯ ಅಧ್ಯಾಯ. ಪರೀಕ್ಷೆ ಹತ್ತಿರವಿತ್ತು. ಪುಸ್ತಕ ಅಷ್ಟರೊಳಗೆ ಕೈಸೇರುತ್ತದೆ ಎಂದು ಕರಡಕ್ಕ ಹಾಸ್ಟೆಲಿನ ಹುಡುಗ ಹುಡುಗಿಯರಿಗೆ ಮಾತು ಕೊಟ್ಟಿದ್ದರು. ಅಷ್ಟರಲ್ಲಿ ವಕೀಲರ ದವಡೆ ಊದಿಕೊಂಡಿತು.

“ನಾಳೆ ಬೆಳಿಗ್ಗೆ ಮೇಲಿನ ಸಾಲು ಪೂರ್ತಿ ಕೀಳ್ತಾರಂತೆ ಮೇಷ್ಟ್ರೇ,” ಎಂದರು ವಕೀಲರು, ಆ ದಿನ ಒಳಗೆ ಬರುತ್ತಲೇ. “ಇವತ್ತು ಹೇಳಿದ್ದು ಸ್ವಂತ ಹಲ್ಲಿನ ಹೇಳಿಕೆ. ನಾಳೆಯಿಂದ ನಾನು ಏನೇ ಹೇಳಿದ್ರೂ ಬರೀ ಗಾಳಿ.”

“ಹಾಗಾದ್ರೆ ಇವತ್ತು ಜಾಸ್ತಿ ಮಾತಾಡ್ಬೇಡಿ. ಇರೋದನ್ನ ಪುಸ್ತಕಕ್ಕೆ ಉಳಿಸಿ,” ಎಂದರು ಮೇಷ್ಟ್ರು.

ವಕೀಲರು ಮೈಕಿನ ಮುಂದೆ ಕೂತು ಎರಡು ಪುಟ ಓದಿದರು. ಪುಟದ ಕೊನೆಯಲ್ಲಿ ಅವರು ನೋವಿಗೆ ಉಸಿರೆಳೆದುಕೊಂಡದ್ದು ಕರಡಕ್ಕನಿಗೆ ಹೆಡ್‌ಫೋನಿನಲ್ಲಿ ಸ್ಪಷ್ಟವಾಗಿ ಕೇಳಿತು. ಮೇಷ್ಟ್ರು ನಿಲ್ಲಿಸಿ, ಹಿಂದಕ್ಕೆ ಹೋಗಿ, ಹಾಕಿ ಕೇಳಿಸಿದರು. ಏನೂ ಇಲ್ಲ.

ಮೈಕಿನಿಂದ ಬಂದ ಧ್ವನಿಯನ್ನು ಕಂಪ್ಯೂಟರಿಗೆ ದಾಟಿಸಲು ನಡುವೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಆಡಿಯೋ ಇಂಟರ್ಫೇಸ್ ಎಂದು ಅದರ ಹೆಸರು. ಕರಡಕ್ಕನ ಹೆಡ್‌ಫೋನ್ ನೇರವಾಗಿ ಅದಕ್ಕೇ ಚುಚ್ಚಿದ್ದು. ರಜೆಯಲ್ಲಿ ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಹೊಸ ಆವೃತ್ತಿ ಹಾಕಿಕೊಂಡಿತ್ತು. ಅಪ್‌ಡೇಟ್ ಆದ ಮೇಲೆ ಇಂಥ ಪೆಟ್ಟಿಗೆಗಳು ಸೊಟ್ಟ ಮುಖ ಮಾಡುವುದು ಈ ಕೆಲಸದವರಿಗೆಲ್ಲ ಗೊತ್ತು. ಮೇಷ್ಟ್ರು ವಕೀಲರಿಗೆ ಬಾಯಿ ಮುಚ್ಚಿಕೊಂಡಿರಲು ಹೇಳಿ ಹುಡುಕಾಟಕ್ಕೆ ಕೂತರು. ಮೊದಲು ಮೈಕಿನ ಕೇಬಲ್ ಬದಲಾಯಿಸಿದರು. ಕಂಪ್ಯೂಟರಿನ ಬೇರೆ ಕಿಂಡಿಗೆ ಚುಚ್ಚಿದರು. ಬೀರುವಿನಿಂದ ಹಳೆಯ ಪೆಟ್ಟಿಗೆ ತಂದು ಜೋಡಿಸಿದರು. ಪೆಟ್ಟಿಗೆ ಬೇರೆಯಾದರೂ ಫಲ ಅದೇ. ಅದನ್ನು ಮತ್ತೆ ಕಿತ್ತು, ಹೊಸದನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಅಳಿಸಿ ಮತ್ತೆ ಹಾಕಿ, ರೀಸ್ಟಾರ್ಟ್ ಮಾಡಿದರು. ಒಂದೊಂದು ಹೆಜ್ಜೆಯನ್ನೂ ಬಾಯಿಬಿಟ್ಟು ಹೇಳುತ್ತಿದ್ದರು.

“ಪೆಟ್ಟಿಗೆ ಮೇಲೆ ಹಸಿರು ದೀಪ ಕುಣೀತಿದೆ. ಅಂದ್ರೆ ಧ್ವನಿ ಇಲ್ಲೀವರೆಗೆ ಬಂತು. ಪರದೆ ಮೇಲೆ ಗೆರೆ ಮಾತ್ರ ಮಲಗಿದೆ.”

“ಹಳೇ ಅಧ್ಯಾಯ ಹಾಕಿ ನೋಡಿ,” ಎಂದರು ಕರಡಕ್ಕ.

ಹಾಕಿದರು. ವಕೀಲರ ಕಳೆದ ವಾರದ ಧ್ವನಿ, ಎಲ್ಲ ಹಲ್ಲುಗಳ ಸಮೇತ, ಗಂಟೆ ಹೊಡೆದಂತೆ ಕೇಳಿತು. ಕಂಪ್ಯೂಟರಿನಿಂದ ಹೊರಗೆ ದಾರಿ ಇದೆ, ಒಳಗೆ ಇಲ್ಲ.

ಪೆಟ್ಟಿಗೆ ತಯಾರಿಸಿದವರ ಪುಟ ತೆರೆದು ಮೇಷ್ಟ್ರು ಓದಿದರು: ಹೊಸ ಆವೃತ್ತಿಯೊಡನೆ ಇನ್ನೂ ಪರೀಕ್ಷಿಸಿಲ್ಲ, ದಯವಿಟ್ಟು ಕಾಯಿರಿ. ಕಾಯುವವರೆಲ್ಲ ಕಾಯಬಹುದು, ದವಡೆ ಕಾಯುವುದಿಲ್ಲ. ಮಧ್ಯಾಹ್ನ ಜಾರುತ್ತಿತ್ತು. ವಕೀಲರು ಗುಳಿಗೆ ನುಂಗಿದ ಸದ್ದು ಬಂತು.

“ನನ್ನ ಫೋನಲ್ಲಿ ಓದ್ಬಿಡ್ಲಾ? ಮೊಮ್ಮಗಳು ಅದರಲ್ಲೇ ಹಾಡು ಹಿಡೀತಾಳೆ.”

“ಅಷ್ಟು ಅಧ್ಯಾಯ ಒಂದು ಕೋಣೇಲಿ ಕೇಳಿ, ಕೊನೇದು ಬಾವಿಯೊಳಗಿಂದ ಕೇಳಿದ ಹಾಗಿರುತ್ತೆ,” ಎಂದರು ಮೇಷ್ಟ್ರು. “ಬೇಡ.”

“ಬಾವಿಯಾದ್ರೂ ಸರಿ, ಹುಡುಗ್ರಿಗೆ ಪಾಠ ಸಿಗುತ್ತಲ್ಲ!” ಕರಡಕ್ಕನ ಧ್ವನಿ ಏರಿತು. “ನಿಮ್ಮ ಹಟಕ್ಕೆ ಅವರು ಯಾಕೆ ಫೇಲಾಗ್ಬೇಕು?”

ಕರಡಕ್ಕನಿಗೆ ಕೇಳಿಸಿದ್ದು ಕೇಬಲ್ ಸುತ್ತುವ ಸದ್ದು. ಮೇಷ್ಟ್ರು ಆಗಲೇ ಸುತ್ತಿಟ್ಟಿದ್ದನ್ನು ಬಿಚ್ಚಿ ಮತ್ತೆ ಸುತ್ತುತ್ತಿದ್ದರು. ಕೈಗೆ ಬೇರೆ ಕೆಲಸ ತೋಚದಿದ್ದಾಗ ಅವರು ಹಾಗೆ ಮಾಡುತ್ತಾರೆ ಎಂಬುದು ಆಕೆಗೆ ಗೊತ್ತಿತ್ತು. ಬೈದದ್ದಕ್ಕೆ ಬೇಸರವಾಯಿತು, ಆದರೆ ಬೈದದ್ದನ್ನು ವಾಪಸು ತೆಗೆದುಕೊಳ್ಳಲಿಲ್ಲ.

“ಬೆಳಿಗ್ಗೆ ಹಿಡಿದ ಆ ಎರಡು ಪುಟ ಮತ್ತೆ ಹಾಕಿ,” ಎಂದರು.

“ಅದರಲ್ಲಿ ಏನಿದೆ ತಂಗಿ, ಬರೀ ಮೌನ.”

“ಹಾಕಿ ಅಂದೆ.”

ಕಣ್ಣು ಕಾಣುವವರಿಗೆ ಮೌನ ಎಂದರೆ ಒಂದೇ. ಕರಡಕ್ಕನಿಗೆ ಹಾಗಲ್ಲ. ವಕೀಲರು ಎರಡು ವಾಕ್ಯಗಳ ನಡುವೆ ನಿಂತಾಗ ಹಳೆಯ ಅಧ್ಯಾಯಗಳಲ್ಲಿ ಒಂದು ತೆಳ್ಳನೆ ಗಾಳಿ ಇರುತ್ತಿತ್ತು: ಗೋಡೆಯದು, ಪರದೆ ಬಟ್ಟೆಯದು, ಓದುವವರ ಅಂಗಿಯದು. ಕೇಬಲ್ ಕೆಟ್ಟಿದ್ದರೆ ಗುಂಯ್ ಎನ್ನುವ ಕಂಪನವಾದರೂ ಇರುತ್ತಿತ್ತು. ಇದರಲ್ಲಿ ಅದಾವುದೂ ಇರಲಿಲ್ಲ.

“ಇದು ಮೌನ ಅಲ್ಲ ಮೇಷ್ಟ್ರೇ. ಕೋಣೆಯೇ ಇಲ್ಲ ಇದರಲ್ಲಿ. ಕೆಟ್ಟಿದ್ರೆ ಏನಾದ್ರೂ ಕರಕರ ಅನ್ನೋದು. ಇದನ್ನ ಯಾರೋ ಬೇಕಂತಲೇ ಬಂದ್ ಮಾಡಿದ್ದಾರೆ.”

“ಯಾರು ಮಾಡ್ತಾರೆ? ಬೆಳಿಗ್ಗೆ ನಾನೊಬ್ನೇ ಇದ್ದದ್ದು.”

“ಅದೇ ಕೇಳ್ತಿದ್ದೀನಿ. ನಾವು ಬರೋ ಮುಂಚೆ ಪರದೆ ಮೇಲೆ ಏನಾದ್ರೂ ಬಂತಾ? ನೀವೊಬ್ರೇ ಇದ್ದಾಗ ಗಟ್ಟಿಯಾಗಿ ಓದಿರಲ್ಲ ನೀವು.”

ಸುತ್ತುವ ಸದ್ದು ನಿಂತಿತು. ಕುರ್ಚಿ ಕಿರ್ ಎಂದಿತು.

“ಬಂತು,” ಎಂದರು ಮೇಷ್ಟ್ರು, ನಿಧಾನವಾಗಿ. “ಈ ರೆಕಾರ್ಡಿಂಗ್ ಪ್ರೋಗ್ರಾಮಿಗೆ ಮೈಕನ್ನ ಬಳಸೋಕೆ ಬಿಡ್ಲಾ ಅಂತ ಕಂಪ್ಯೂಟರ್ ಕೇಳ್ತು.”

“ನೀವೇನಂದ್ರಿ?”

“…ಬೇಡ ಅಂದೆ.”

ವಕೀಲರು ಊದಿದ ದವಡೆ ಹಿಡಿದುಕೊಂಡೇ ನಕ್ಕರು. ನಗುವಿಗೂ ನೋವಿಗೂ ಒಂದೇ ಸದ್ದು ಬರುತ್ತಿತ್ತು. “ಆರೋಪಿ ತಪ್ಪೊಪ್ಪಿಕೊಂಡ! ಇಷ್ಟು ವರ್ಷದ ವಕೀಲಿಯಲ್ಲಿ ನನಗೆ ಒಬ್ಬನೂ ಹೀಗೆ ಸಿಗ್ಲಿಲ್ಲ ಕಣ್ರೀ. ಅಯ್ಯೋ, ನಗಿಸ್ಬೇಡಿ, ಹಲ್ಲು ಈಗಲೇ ಬಿದ್ದುಹೋಗುತ್ತೆ.”

ಪಾಪದ ಕಂಪ್ಯೂಟರ್ ಕಟ್ಟಳೆಯ ಪ್ರಕಾರವೇ ನಡೆದಿತ್ತು: ಮೇಷ್ಟ್ರನ್ನು ಕೇಳಿಯೇ ಮೈಕಿಗೆ ಕೈ ಹಾಕಲು ಹೊರಟಿತ್ತು. ಮೇಷ್ಟ್ರೂ ಎಲ್ಲರಿಗೂ ಕೊಡುವ ಉತ್ತರವನ್ನೇ ಕೊಟ್ಟಿದ್ದರು. ಒಮ್ಮೆ ಬೇಡ ಎಂದ ಮೇಲೆ ಅದು ಎರಡನೆಯ ಸಲ ಕೇಳಲಿಲ್ಲ. ಪೆಟ್ಟಿಗೆ ಬದಲಾಯಿಸಿದರೂ ಡ್ರೈವರ್ ಬದಲಾಯಿಸಿದರೂ ಅಪ್ಪಣೆ ಅಪ್ಪಣೆಯೇ. ಮೇಷ್ಟ್ರು ಸೆಟ್ಟಿಂಗ್ಸಿಗೆ ಹೋಗಿ, ಯಾವ ಯಾವ ಪ್ರೋಗ್ರಾಮಿಗೆ ಮೈಕ್ ಬಳಸುವ ಅನುಮತಿ ಇದೆ ಎಂಬ ಪುಟವನ್ನು ಮೇಲಿನಿಂದ ಕೆಳಗೆ, ಒಂದಕ್ಷರ ಬಿಡದೆ, ಗಟ್ಟಿಯಾಗಿ ಓದಿದರು. ರೆಕಾರ್ಡಿಂಗ್ ಪ್ರೋಗ್ರಾಮಿನ ಹೆಸರಿನ ಮುಂದೆ ಅನುಮತಿಯ ಗುಂಡಿ ಒತ್ತಿದರು. ಪ್ರೋಗ್ರಾಮನ್ನು ಮುಚ್ಚಿ ತೆರೆದರು.

“ಒಂದು ಮಾತು ಆಡಿ ವಕೀಲರೇ.”

“ತೀರ್ಪು ಕಾದಿರಿಸಲಾಗಿದೆ.”

ಹಾಕಿ ಕೇಳಿದರೆ ಮಾತೂ ಇತ್ತು, ಮಾತಿನ ಹಿಂದೆ ಕೋಣೆಯೂ ಇತ್ತು.

ವಕೀಲರು ಸಂಜೆ ಕಚೇರಿ ಮುಚ್ಚುವ ಹೊತ್ತಿಗೆ ಕೊನೆಯ ಅಧ್ಯಾಯ ಮುಗಿಸಿದರು. ನಡುವೆ ನಾಲ್ಕಾರು ಕಡೆ ನೋವಿಗೆ ನಿಂತರು; ಮೇಷ್ಟ್ರು ಅಷ್ಟೂ ಸಲ ಹಿಂದಕ್ಕೆ ಹೋಗಿ, ಕೇಳುವವರಿಗೆ ಗೊತ್ತಾಗದಂತೆ ಜೋಡಿಸಿದರು. ಪುಸ್ತಕ ಪರೀಕ್ಷೆಗೆ ಮೊದಲೇ ಹಾಸ್ಟೆಲ್ ತಲುಪಿತು. ಕೇಳಿದ ವಿದ್ಯಾರ್ಥಿಗಳಲ್ಲಿ ಒಬ್ಬರೂ ಆ ಅಧ್ಯಾಯದ ಬಗ್ಗೆ ಏನೂ ಹೇಳಲಿಲ್ಲ.

ಮೇಷ್ಟ್ರ ದೊಡ್ಡತನ ತಪ್ಪು ಮಾಡದಿರುವುದರಲ್ಲಿ ಇರಲಿಲ್ಲ. ಅಪ್‌ಡೇಟಿನ ತಲೆಗೆ ಕಟ್ಟಿ ಕೈ ತೊಳೆದುಕೊಳ್ಳುವುದು ಸುಲಭವಿತ್ತು, ಎಲ್ಲರೂ ನಂಬುತ್ತಿದ್ದರು. ಬೇರೆ ಕೇಂದ್ರಗಳ ತಂತ್ರಜ್ಞರು ತರಬೇತಿಗೆ ಬಂದಾಗ ಅವರು ಮೊದಲ ಪಾಠವಾಗಿ ಈ ಕಥೆಯನ್ನೇ ಹೇಳಿದರು, ‘ನಾನೇ ಬೇಡ ಅಂದವನು’ ಎಂದು ಹೇಳಿಕೊಂಡು, ಕರಡಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು. ಮೌನಕ್ಕೂ, ಕೋಣೆಯೇ ಇಲ್ಲದ ಸೊನ್ನೆಗೂ ಇರುವ ವ್ಯತ್ಯಾಸವನ್ನು ಆಕೆಯೇ ವಿವರಿಸಬೇಕೆಂದು ಹಟ ಹಿಡಿದರು. ತರಬೇತಿಯ ಆ ಭಾಗ ಈಗಲೂ ಕರಡಕ್ಕನದೇ.

ವಕೀಲರಿಗೆ ಹೊಸ ಹಲ್ಲು ಬಂದಿದೆ. ಊಟಕ್ಕೆ ತೊಂದರೆಯಿಲ್ಲ, ಓದಿದರೆ ಮಾತ್ರ ‘ಸಾಕ್ಷಿ’ ಎನ್ನುವಲ್ಲಿ ಸೀಟಿ ಹೊಡೆಯುತ್ತದೆ. ಹಾಗಾಗಿ ಅದೇ ಪಠ್ಯದ ಎರಡನೆಯ ಸಂಪುಟಕ್ಕೆ ಓದುವವರಿಲ್ಲ. ‘ಮೇಷ್ಟ್ರು ಓದಲಿ, ಇನ್ನೇನು ಕೆಲಸ ಅವರಿಗೆ’ ಎಂದವರು ವಕೀಲರೇ. ಮೇಷ್ಟ್ರು ಗಾಜಿನ ಆಚೆ ಕೂತು ಮಾದರಿಗೆ ಒಂದು ಪುಟ ಓದಿದರು. ಕರಡಕ್ಕ ಕೇಳಿ, ವಾಕ್ಯದ ತುದಿ ನುಂಗುತ್ತೀರಿ ಎಂದು ತಿರುಗಿಸಿ ಕಳಿಸಿದರು. ಎರಡನೆಯ ಸಲವೂ ಕಳಿಸಿದರು. ಮೂರನೆಯ ಸಲಕ್ಕೆ, ಹೊಗಳಿಕೆಯಲ್ಲಿ ಗುರುವಿನಷ್ಟೇ ಜಿಪುಣರಾದ ಅವರು, ‘ಪರವಾಗಿಲ್ಲ, ಮುಂದುವರಿಸಿ’ ಎಂದರು.

ಎರಡನೆಯ ಸಂಪುಟ ಮೊದಲನೆಯದಕ್ಕಿಂತ ದಪ್ಪ. ಅದಾದ ಮೇಲೆ ಕಾನೂನು ಬದಲಾಗುತ್ತದೆ, ಹೊಸ ಆವೃತ್ತಿ ಬರುತ್ತದೆ, ಮತ್ತೆ ಮೊದಲಿನಿಂದ ಓದಬೇಕಾಗುತ್ತದೆ. ಅಷ್ಟನ್ನೂ ಓದುವಷ್ಟು ಗಟ್ಟಿ ಗಂಟಲು, ಅಷ್ಟೂ ಸಲ ತಿದ್ದಿಸಿಕೊಳ್ಳುವಷ್ಟು ತಾಳ್ಮೆ, ಅದಕ್ಕೆಲ್ಲ ಸಾಲುವಷ್ಟು ದೀರ್ಘ ಆಯುಷ್ಯ ಮೇಷ್ಟ್ರಿಗೆ ಇರಲಿ. ನಿವೃತ್ತಿಯ ನಂತರದ ಮೊದಲ ಸೋಮವಾರ ಬೆಳಿಗ್ಗೆ ಅವರು ಬರುವುದನ್ನು ಕರಡಕ್ಕ ಕಾಯುತ್ತಿರುತ್ತಾರೆ. ತಡವಾಗಿ ಬಂದರೆ ಬೈಯುತ್ತಾರೆ.