ಅಮಾವಾಸ್ಯೆಯ ವಿಮಾನದವರು

ನನಗೆ ವರನನ್ನು ನೋಡಿಕೊಂಡು ಬರಲು ಜೇವರ್ಗಿಯಿಂದ ಆಳಂದಕ್ಕೆ ಹೋದವನು ನಮ್ಮ ಅಣ್ಣ. ಬೆಳಿಗ್ಗೆ ಹೋದವನು ಕಡೆಯ ಬಸ್ಸಿಗೆ ಬಂದ. ಹುಡುಗ ಹೇಗಿದ್ದಾನೆ ಎಂದು ಅವ್ವ ಕೇಳಿದಳು.

"ಛಲೋ ಅದಾನ. ಅವನ ಹತ್ರ ವಿಮಾನದ ಫೋಟೋ ಭಾಳ ಅವ," ಎಂದ.

ಹೊಲ ಎಷ್ಟಿದೆ, ಮನೆ ಸ್ವಂತದ್ದೋ ಬಾಡಿಗೆಯದೋ, ಅತ್ತೆ ಹೇಗೆ, ಒಂದನ್ನೂ ಕೇಳಿಕೊಂಡು ಬಂದಿರಲಿಲ್ಲ. ಮುಂದಿನ ವಾರ ಅಪ್ಪ ತಾನೇ ಹೋಗಿ ಅವನ್ನೆಲ್ಲ ವಿಚಾರಿಸಿಕೊಂಡು ಬಂದ. ವಿಮಾನದ ವಿಷಯ ಅಪ್ಪನಿಗೆ ಯಾರೂ ಹೇಳಲಿಲ್ಲ. ಹೀಗೆ ಇಬ್ಬರೂ ಬೇರೆ ಬೇರೆ ಕಾರಣಕ್ಕೆ ಒಪ್ಪಿ ನನ್ನ ಮದುವೆಯಾಯಿತು. ಎಪ್ಪತ್ತರ ದಶಕದ ನಡುವಿನ ಮಾತು ಇದು.

ಆಳಂದಕ್ಕೆ ಬಂದ ಮೇಲೆ ನಾನೂ ನೋಡಿದೆ. ಬಸ್ ನಿಲ್ದಾಣದ ರಸ್ತೆಯಲ್ಲಿ ನಮ್ಮ ಮನೆಯವರ ಫೋಟೋ ಸ್ಟುಡಿಯೋ. ಮುಂದಿನ ಕೋಣೆಯ ಗೋಡೆಗೆ ಮದುವೆಯವರು, ಜಾವಳಕ್ಕೆ ತಲೆ ಬೋಳಿಸಿದ ಮಕ್ಕಳು, ಕುರ್ಚಿಯಲ್ಲಿ ಕುಳಿತ ಮುದುಕರು. ಒಳಕೋಣೆಯ ಗೋಡೆ ತುಂಬ ವಿಮಾನ. ಬೀದರಿನಿಂದ ತರಬೇತಿಗೆ ಹಾರಿಬಂದು ನಮ್ಮ ತಲೆಯ ಮೇಲೆ ಸುತ್ತು ಹಾಕಿ ಹೋಗುತ್ತಿದ್ದ ವಿಮಾನಗಳನ್ನು ಅವರು ಮಾಳಿಗೆ ಹತ್ತಿ ತೆಗೆಯುತ್ತಿದ್ದರು. ಫೋಟೋದಲ್ಲಿ ಆಕಾಶ ಬಹಳ ಚೆನ್ನಾಗಿ ಬರುತ್ತಿತ್ತು. ವಿಮಾನ ಸಾಸಿವೆ ಕಾಳಿನಷ್ಟು ಇರುತ್ತಿತ್ತು.

ಫೋಟೋ ತೊಳೆಯುವುದು, ಒಣಹಾಕುವುದು, ಅದರ ಮೇಲೆ ಕಪ್ಪು ಚುಕ್ಕೆ ಬಿದ್ದಿದ್ದರೆ ಬ್ಲೇಡಿನ ಮೊನೆಯಿಂದ ಹಗುರವಾಗಿ ಕೆರೆದು ತೆಗೆಯುವುದು, ಇವನ್ನು ನಾನು ಬೇಗ ಕಲಿತೆ. ಒಂದು ದಿನ ಬರೀ ಆಕಾಶವಿದ್ದ ಒಂದು ಫೋಟೋದ ನಡುವೆ ಕಪ್ಪು ಚುಕ್ಕೆ ಕಂಡಿತು. ಕೆರೆದು ತೆಗೆದೆ. ನಮ್ಮ ಮನೆಯವರು ಬಂದು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದರಾಗಿಂದು ಎಲ್ಲಿ ಹೋತು?"

"ಚುಕ್ಕಿ ಇತ್ತು, ತೆಗದೇನ್ರಿ."

ಅವರು ಮಧ್ಯಾಹ್ನ ಊಟಕ್ಕೆ ಬರಲಿಲ್ಲ. ಅಂದಿನಿಂದ ವಿಮಾನದ ಫೋಟೋ ಒಣಗುತ್ತಿದ್ದ ದಾರದ ಹತ್ತಿರ ಬ್ಲೇಡು ಇಡುವುದನ್ನು ಬಿಟ್ಟರು.

ಅಣ್ಣ ಜೇವರ್ಗಿಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿ ಅಂಗಡಿ ಇಟ್ಟಿದ್ದ. ಅಮಾವಾಸ್ಯೆಗೆ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬರುವ ರೂಢಿ ಮಾಡಿಕೊಂಡ. ತಂಗಿಯನ್ನು ನೋಡಲು ಬರುತ್ತಾನೆ ಎಂದು ಓಣಿಯವರು ಹೊಗಳುತ್ತಿದ್ದರು. ಬಾಗಿಲಲ್ಲಿ "ಆರಾಮಿದ್ದೀಯೇನು ತಂಗಿ" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಕೋಣೆಗೆ ಹೋಗುತ್ತಿದ್ದ.

ಈ ವಿಮಾನದ ಹುಚ್ಚಿನಲ್ಲಿ ಮೂರನೆಯವರು ಅಫಜಲಪುರದ ಸಾಹುಕಾರರು. ಬೀಜ, ಗೊಬ್ಬರದ ವ್ಯಾಪಾರ, ಅತನೂರಿನ ಕಡೆ ಹೊಲ. ದೊಡ್ಡ ದೇಹ, ಸಣ್ಣ ದನಿ. ಹಳೆಯದೊಂದು ಫೋಟೋ ದೊಡ್ಡದು ಮಾಡಿಸಲು ಮೊದಲ ಸಲ ಬಂದಿದ್ದರು. ಅದರಲ್ಲಿ ಅವರು ಬಿಳಿ ಅಂಗಿ, ಧೋತರ, ಟೊಪ್ಪಿಗೆ ಹಾಕಿ, ಹೈದರಾಬಾದಿನ ನಿಲ್ದಾಣದಲ್ಲಿ ವಿಮಾನದ ಮೆಟ್ಟಿಲ ಮೇಲೆ ನಿಂತು ತಿರುಗಿ ನೋಡುತ್ತಿದ್ದರು. ಮುಂಬಯಿಗೆ ಹೊರಟಾಗ ಜೊತೆಗಿದ್ದ ಬೀಗರೊಬ್ಬರು ತೆಗೆದದ್ದಂತೆ.

ನಮ್ಮ ಮನೆಯವರು ಕ್ಯಾಮೆರಾ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು. "ಸಾವ್ಕಾರ್ರ, ನೀವು ಖುದ್ದ ಕುಂತು ಹಾರೀರೇನ್ರಿ?"

"ಮತ್ತ?" ಎಂದರು ಸಾಹುಕಾರರು.

ಅಲ್ಲಿಂದ ಸುಮಾರು ಇಪ್ಪತ್ತು ವರ್ಷ ಅಮಾವಾಸ್ಯೆಗೆ ನಮ್ಮ ಒಳಕೋಣೆಯಲ್ಲಿ ಸಭೆ ಕೂಡುತ್ತಿತ್ತು. ಪತ್ರಿಕೆಯಿಂದ ಕತ್ತರಿಸಿದ ಚಿತ್ರಗಳನ್ನು ಮೂವರೂ ಹಂಚಿಕೊಳ್ಳುತ್ತಿದ್ದರು. ಅಣ್ಣನೋ ನಮ್ಮ ಮನೆಯವರೋ ಬೀದರಿಗೆ ಹೋಗಿ ರಸ್ತೆಯಲ್ಲಿ ನಿಂತು ನೋಡಿ ಬಂದರೆ, ಹೈದರಾಬಾದಿನ ನಿಲ್ದಾಣದ ಬೇಲಿಯ ಹೊರಗೆ ನಿಂತು ನೋಡಿ ಬಂದರೆ, ಆ ಪ್ರವಾಸದ ಫೋಟೋಗಳನ್ನು ಚಾಪೆಯ ಮೇಲೆ ಹರಡಿ ಮಧ್ಯಾಹ್ನವೆಲ್ಲ ಮಾತಾಡುತ್ತಿದ್ದರು. ಬೇಲಿ ಎಲ್ಲದರಲ್ಲೂ ಸ್ಪಷ್ಟವಾಗಿ ಬಂದಿರುತ್ತಿತ್ತು. ಯಾವುದಾದರೂ ವಾದ ಬಗೆಹರಿಯದಿದ್ದರೆ ಸಾಹುಕಾರರ ಮಾತೇ ಕಡೆಯದು. ಹಾರಿದವರು ಅವರೊಬ್ಬರೇ.

ನಾನು ಚಹಾ ತೆಗೆದುಕೊಂಡು ಹೋದಾಗಲೆಲ್ಲ ಆ ಹಾರಾಟದ ಕತೆ ಕಿವಿಗೆ ಬೀಳುತ್ತಿತ್ತು. ವಿಮಾನದೊಳಗೆ ಚಹಾ ಒಮ್ಮೆ ಗಾಜಿನ ಗ್ಲಾಸಿನಲ್ಲಿ ಬರುತ್ತಿತ್ತು, ಒಮ್ಮೆ ಪಿಂಗಾಣಿ ಕಪ್ಪಿನಲ್ಲಿ. ಒಮ್ಮೆ ಕಿಟಕಿಯಿಂದ ಭೀಮಾ ನದಿ ಕಂಡಿತ್ತು, ಒಮ್ಮೆ ಮೋಡ ಮುಸುಕಿ ಏನೂ ಕಂಡಿರಲಿಲ್ಲ. ಒಂದೇ ವಿಮಾನದಲ್ಲಿ ಎರಡೂ ಬಗೆಯ ಕಪ್ಪು ಇರಬಹುದು ಎಂದುಕೊಂಡೆ.

ನಮ್ಮ ಅತ್ತೆಗೆ ಮಾತ್ರ ವಿಮಾನ ಎಂದರೆ ಆಗುತ್ತಿರಲಿಲ್ಲ. ಬೀದರಿನ ವಿಮಾನ ಕೆಳಗೆ ಬಂದರೆ ಕೈಯಲ್ಲಿದ್ದ ಮೊರ ಅಲ್ಲೇ ಇಟ್ಟು ಅಡಿಗೆ ಮನೆಯ ಮೂಲೆಗೆ ಹೋಗಿ ನಿಲ್ಲುತ್ತಿದ್ದರು. ಸದ್ದು ಹೋದ ಮೇಲೆ ಬಂದು ಮತ್ತೆ ಜೋಳ ಹಸನು ಮಾಡುತ್ತಿದ್ದರು. ಯಾಕೆ ಎಂದು ನಾವು ಕೇಳಲಿಲ್ಲ. ಮಳೆ ಬಂದರೆ ಒಳಗೆ ಹೋಗುವವರನ್ನು ಯಾಕೆ ಎಂದು ಕೇಳುತ್ತೇವೆಯೇ, ಹಾಗೆ.

ತೊಂಬತ್ತರ ದಶಕದ ಕೊನೆಗೆ ಬೆಂಗಳೂರಿನ ಯಲಹಂಕದಲ್ಲಿ ದೊಡ್ಡ ವಿಮಾನ ಪ್ರದರ್ಶನ ಇದೆ, ಜನರನ್ನೂ ಬಿಡುತ್ತಾರೆ ಎಂದು ಪತ್ರಿಕೆಯಲ್ಲಿ ಬಂತು. ಅಮಾವಾಸ್ಯೆ ಇನ್ನೂ ದೂರವಿದ್ದರೂ ಮೂವರೂ ಸೇರಿದರು. ಇಪ್ಪತ್ತು ವರ್ಷದಲ್ಲಿ ಹಾಗಾದದ್ದು ಅದೊಂದೇ ಸಲ. ಬಸ್ಸೋ ರೈಲೋ, ಯಾವ ಕಡೆ ನಿಂತರೆ ಬಿಸಿಲು ಬೆನ್ನಿಗೆ ಬೀಳುತ್ತದೆ, ಎಷ್ಟು ರೀಲು ಒಯ್ಯಬೇಕು ಎಂಬ ಚರ್ಚೆ ನಡೆಯಿತು. ಕ್ಯಾಮೆರಾ ಅಲುಗಾಡಬಾರದೆಂದು ಅಣ್ಣ ಕಬ್ಬಿಣದ ಮೂರು ಕಾಲಿನ ಸ್ಟ್ಯಾಂಡು ಮಾಡಿಕೊಂಡು ಬಂದ. ಅದು ಅಲುಗಾಡುತ್ತಿರಲಿಲ್ಲ. ಎತ್ತಲೂ ಆಗುತ್ತಿರಲಿಲ್ಲ.

ಬಾಗಿಲ ಹತ್ತಿರ ಕುಳಿತಿದ್ದ ಅತ್ತೆ ಇದನ್ನೆಲ್ಲ ಕೇಳಿ, "ನಾನೂ ಬರ್ತೇನಿ," ಎಂದರು.

"ಯವ್ವಾ, ನಿನಗ ಅದರ ಸಪ್ಪಳ ಕೇಳಿದ್ರ ಆಗಂಗಿಲ್ಲ," ಎಂದರು ನಮ್ಮ ಮನೆಯವರು.

"ಆಗಂಗಿಲ್ಲ. ಬರ್ತೇನಿ."

ಅತ್ತೆ ಬಂದರೆ ನೋಡಿಕೊಳ್ಳಲು ನಾನೂ ಬರಬೇಕಾಯಿತು. ನಮ್ಮಿಬ್ಬರ ರೊಟ್ಟಿ ಗಂಟಿನಿಂದಾಗಿ ಒಂದು ಲೆನ್ಸು ಮನೆಯಲ್ಲೇ ಉಳಿಯಿತು. ಅದನ್ನು ನಮ್ಮ ಮನೆಯವರು ಕಲಬುರ್ಗಿಯ ಸ್ಟೇಷನ್ನಿನಿಂದ ಬೆಂಗಳೂರಿನವರೆಗೂ ಹೇಳಿದರು.

ಪ್ರದರ್ಶನದ ಗೇಟಿನಲ್ಲಿ ಪೊಲೀಸರು ಅಣ್ಣನ ಸ್ಟ್ಯಾಂಡನ್ನು ಬಡಿದು ನೋಡಿ, "ಇದೇನು?" ಎಂದರು.

"ಕ್ಯಾಮೆರಾದ ಸ್ಟ್ಯಾಂಡ್ ಅದರಿ."

"ಕ್ಯಾಮೆರಾ ಎಷ್ಟು ದೊಡ್ಡದಿದೆ?"

ನಮ್ಮ ಮನೆಯವರು ಕೊರಳಲ್ಲಿದ್ದ ಕ್ಯಾಮೆರಾ ತೋರಿಸಿದರು. ಪೊಲೀಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಸ್ಟ್ಯಾಂಡನ್ನು ಹೊರಗೇ ಇಟ್ಟು ಬನ್ನಿ ಎಂದರು. ಎಳನೀರು ಮಾರುವವನ ಹತ್ತಿರ ಬಿಟ್ಟು ಒಳಗೆ ಹೋದೆವು. ಸಂಜೆ ಬಂದಾಗ ಅವನು ಅದರ ಮೂರೂ ಕಾಲಿಗೆ ಎಳನೀರಿನ ಗೊನೆ ತೂಗುಹಾಕಿದ್ದ. ಅಷ್ಟು ಭಾರ ತಡೆದದ್ದನ್ನು ನೋಡಿ ಅಣ್ಣನಿಗೆ ಸಮಾಧಾನವಾಯಿತು.

ಮೊದಲ ಜೆಟ್ ವಿಮಾನ ಬಂದದ್ದು ನಮಗೆ ಗೊತ್ತೇ ಆಗಲಿಲ್ಲ. ಅದು ಮುಂದೆ ಹೋಯಿತು, ಸದ್ದು ಆಮೇಲೆ ಬಂತು. ಎದೆಯೊಳಗಿನ ಎಲುಬು ನಡುಗುವಂಥ ಸದ್ದು. ಜನವೆಲ್ಲ ಕೂಗಿದರು. ಅಣ್ಣ ಕೈ ಮೇಲೆತ್ತಿ ಅದರ ಹೆಸರು ಹೇಳುತ್ತಿದ್ದ, ಯಾರಿಗೂ ಕೇಳಿಸುತ್ತಿರಲಿಲ್ಲ. ನಮ್ಮ ಮನೆಯವರು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. ಅತ್ತೆಯನ್ನು ಹಿಡಿದುಕೊಳ್ಳೋಣ ಎಂದು ತಿರುಗಿದರೆ ಅವರು ಪಕ್ಕದಲ್ಲಿ ಇರಲಿಲ್ಲ.

ಕೆಳಗೆ ನೋಡಿದೆ. ನೆಲದ ಮೇಲೆ ಕುಳಿತಿದ್ದರು. ಸೆರಗು ತಲೆಯ ಮೇಲೆ ಎಳೆದುಕೊಂಡು, ಒಂದು ಕೈಯಲ್ಲಿ ಎದೆಯ ಮೇಲಿನ ಲಿಂಗ ಹಿಡಿದುಕೊಂಡಿದ್ದರು. ಇನ್ನೊಂದು ಕೈಯಲ್ಲಿ ಸಾಹುಕಾರರ ಮಣಿಕಟ್ಟು. ಅವರೂ ನೆಲಕ್ಕೆ ಕುಳಿತುಬಿಟ್ಟಿದ್ದರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು. ನಿಂತ ಸಾವಿರಾರು ಜನರ ಕಾಲುಗಳ ನಡುವೆ ಅವರಿಬ್ಬರೇ ಕುಳಿತವರು. ಯಾರು ಯಾರನ್ನು ಕೂಡಿಸಿದರು ಎಂಬುದು ನನಗೆ ಕಾಣಲಿಲ್ಲ. ನಾನೂ ಅವರ ಪಕ್ಕದಲ್ಲಿ ಕುಳಿತು ರೊಟ್ಟಿಯ ಗಂಟು ಬಿಚ್ಚಿದೆ. ಬೇರೆ ಏನು ಮಾಡಬೇಕು ಎಂದು ತಿಳಿಯಲಿಲ್ಲ. ಮೂರನೆಯ ವಿಮಾನದ ಹೊತ್ತಿಗೆ ಅತ್ತೆ ಶೇಂಗಾ ಹಿಂಡಿ ಹಚ್ಚಿಕೊಂಡು ಒಂದು ತುತ್ತು ತಿಂದರು. ನಾಲ್ಕನೆಯದಕ್ಕೆ ತಲೆ ಎತ್ತಿ ನೋಡಿದರು. ಆಮೇಲೆ ಸಾಹುಕಾರರೂ ಕುಳಿತಲ್ಲಿಂದಲೇ ಕಣ್ಣು ಬಿಟ್ಟು ನೋಡತೊಡಗಿದರು.

ಮಧ್ಯಾಹ್ನ, ನಿಲ್ಲಿಸಿದ್ದ ವಿಮಾನಗಳನ್ನು ನೋಡಲು ಹೋದೆವು. ಸೈನ್ಯದ ಸಾಮಾನು ಒಯ್ಯುವ ದೊಡ್ಡ ವಿಮಾನವೊಂದರೊಳಗೆ ಜನರನ್ನು ಸಾಲಾಗಿ ಬಿಡುತ್ತಿದ್ದರು. ಅಣ್ಣ ಮತ್ತು ನಮ್ಮ ಮನೆಯವರು ಮದುವೆಯ ಊಟಕ್ಕೆ ನುಗ್ಗುವವರಂತೆ ಸಾಲಿಗೆ ನುಗ್ಗಿದರು. ಸಾಹುಕಾರರು ನಮ್ಮ ಚೀಲಗಳನ್ನು ತಾವೇ ಕೇಳಿ ಇಸಿದುಕೊಂಡರು.

"ನೀವು ಹೋಗಿ ಬರ್ರಿ. ನಾ ಒಳಗ ನೋಡೇನಿ."

ಅತ್ತೆ ಹತ್ತಿದರು. "ಅಜ್ಜಿ, ಹುಷಾರು, ತಲೆ ಬಗ್ಗಿಸಿ," ಎಂದು ಬಾಗಿಲಲ್ಲಿದ್ದ ಸಮವಸ್ತ್ರದ ಹುಡುಗ ಕೈ ಹಿಡಿದ. ಒಳಗೆ ತಗಡಿನ ಗೋಡೆ, ಎರಡೂ ಬದಿಗೆ ಬಟ್ಟೆಯ ಪಟ್ಟಿಯ ಆಸನ. ಅತ್ತೆ ಗೋಡೆಯನ್ನು ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿ, ಹೊರಗೆ ಬಂದರು. ಇಳಿದವರೇ ಸಾಹುಕಾರರ ಮುಂದೆ ನಿಂತರು.

"ಒಳಗ ಏನಿಲ್ಲ ತಮ್ಮಾ. ಲಾರಿ ಇದ್ದಂಗ ಅದ. ಹೋಗಿ ಬಾ."

"ಬ್ಯಾಡ್ರಿ ಅವ್ವಾರ. ಚೀಲ ಅವ."

"ಚೀಲ ನಾ ಹಿಡೀತೇನಿ."

"ಬ್ಯಾಡ್ರಿ," ಎಂದರು ಸಾಹುಕಾರರು. ಅವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಷ್ಟೇನೂ ಬಿಸಿಲಿರಲಿಲ್ಲ.

ಮರುದಿನ ಬೆಳಿಗ್ಗೆ ನಮ್ಮ ರೈಲು ರಾಯಚೂರು ದಾಟಿತ್ತು. ಅತ್ತೆ ಸೀಟಿನ ಮೇಲೆಯೇ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಎದುರಿಗೆ ಕುಳಿತಿದ್ದ ಸಾಹುಕಾರರನ್ನು ಕೇಳಿದರು.

"ನಿನ್ನೆ ನೀ ಹತ್ತಲಿಲ್ಲ ಯಾಕ?"

ಸಾಹುಕಾರರು ಕಿಟಕಿಯ ಹೊರಗೆ ನೋಡಿದರು. ಅಲ್ಲಿ ತೊಗರಿಯ ಹೊಲ ಬಿಟ್ಟು ನೋಡುವಂಥದ್ದೇನೂ ಇರಲಿಲ್ಲ.

"ನನಗ ಆಗಂಗಿಲ್ರಿ ಅವ್ವಾರ. ಆವತ್ತೂ ಆಗಲಿಲ್ಲ."

"ಯಾವತ್ತು?"

"ಫೋಟೋ ತೆಗದ ದಿನ. ಮೆಟ್ಟಲ ಹತ್ತಿದೆ. ಬಾಗಲದಾಗ ಹೋಗಿ ನಿಂತೆ. ಒಳಗಿಂದ ಸಪ್ಪಳ ಚಾಲೂ ಆತು. ತಿರುಗಿ ಇಳದುಬಿಟ್ಟೆ. ಬೀಗರು ವಿಮಾನದಾಗ ಹೋದ್ರು, ನಾ ರೈಲಿಗೆ ಹೋದೆ. ಮರುದಿನ ಮುಂಬಯಿದಾಗ ಭೆಟ್ಟಿ ಆದ್ವಿ."

ಅಣ್ಣ ಬಾಯಿಗೆ ಒಯ್ಯುತ್ತಿದ್ದ ಚಹಾವನ್ನು ಕೆಳಗಿಳಿಸಿದ. ನಮ್ಮ ಮನೆಯವರು ಕ್ಯಾಮೆರಾದ ಚೀಲದ ಗುಂಡಿಯನ್ನು ಹಾಕಿದರು, ತೆಗೆದರು, ಮತ್ತೆ ಹಾಕಿದರು. ಇಪ್ಪತ್ತು ವರ್ಷ ವಾದಗಳೆಲ್ಲ ಯಾರ ಮಾತಿನಿಂದ ಮುಗಿದವು ಎಂದು ಇಬ್ಬರೂ ಲೆಕ್ಕ ಹಾಕುತ್ತಿದ್ದರು ಎಂದು ನನಗೆ ಅನ್ನಿಸಿತು.

ಸಾಹುಕಾರರೇ ಮುಂದುವರಿಸಿದರು. ನಲವತ್ತೆಂಟರಲ್ಲಿ ನಿಜಾಮನ ರಾಜ್ಯಕ್ಕೆ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆದಾಗ ಅವರು ಇನ್ನೂ ಚಿಕ್ಕವರು. ಸೋಲಾಪುರದ ಕಡೆಯಿಂದ ವಿಮಾನ ಬರುತ್ತವೆ, ಮನೆಗಳ ಮೇಲೆ ಗುಂಡು ಹಾಕುತ್ತವೆ ಎಂದು ಊರಲ್ಲಿ ಸುದ್ದಿ ಎದ್ದಿತ್ತು. ಜೋಳ ತುಂಬಿಡಲು ನೆಲದಲ್ಲಿ ತೋಡಿದ ಹಗೇವು ಆಗ ಖಾಲಿಯಾಗಿತ್ತು. ಸದ್ದು ಕೇಳಿದೊಡನೆ ಅವರಪ್ಪ ಅವರನ್ನು ಅದರೊಳಗೆ ಇಳಿಸಿ ಹಗೇವಿನ ಬಾಯಿ ಮುಚ್ಚಿದ್ದರು.

"ವಿಮಾನ ಅಂದ್ರ ನನಗ ಜೀವರಿ. ನೋಡಬೇಕು ಅನಸ್ತದ. ಅದರ ಸಪ್ಪಳ ಕಿವಿಗೆ ಬಿದ್ದಕೂಡ್ಲೆ ಮತ್ತ ಹಗೇವಿನಾಗ ಹಾಕಿದಂಗ ಆಗ್ತದ. ಎರಡೂ ಖರೆ. ನಾ ಏನು ಮಾಡ್ಲಿ?"

"ಏನೂ ಮಾಡಬ್ಯಾಡ," ಎಂದರು ಅತ್ತೆ. "ನಾನೂ ಹಗೇವಿನಾಗ ಕುಂತಿದ್ದೆ. ಹೊಸದಾಗಿ ಲಗ್ನ ಆಗಿತ್ತು. ಯಾರ ಮುಖಾನೂ ಸರಿಯಾಗಿ ಗೊತ್ತಿದ್ದಿಲ್ಲ, ಎಲ್ಲಾರೂ ಕತ್ತಲದಾಗ ಕುಂತಿದ್ವಿ. ಮ್ಯಾಲೆ ಸಪ್ಪಳ ಹೋತು, ಅಷ್ಟ. ಅದು ಹ್ಯಾಂಗಿರ್ತದ ಅಂತ ಯಾರೂ ತೋರಿಸಲಿಲ್ಲ. ಅದಕ್ಕೇ ನೋಡಾಕ ಬಂದೆ."

ನಮ್ಮ ಮನೆಯವರು ತಮ್ಮ ತಾಯಿಯ ಮುಖ ನೋಡಿದರು. ಐವತ್ತು ಹತ್ತಿರವಾಗಿದ್ದ ಅವರಿಗೆ ಈ ಮಾತು ಗೊತ್ತೇ ಇರಲಿಲ್ಲ.

"ಯವ್ವಾ, ಇದನ್ನ ನನಗ ಹೇಳೇ ಇಲ್ಲಲ್ಲ?"

"ನೀ ಯಾವಾಗ ಕೇಳಿದಿ? ಮಾಳಿಗಿ ಮ್ಯಾಲೆ ಇರ್ತಿದ್ದಿ," ಎಂದರು ಅತ್ತೆ. ಆಮೇಲೆ ಸಾಹುಕಾರರ ಕಡೆ ತಿರುಗಿ ಕೇಳಿದರು, "ಬಾಗಲತನಕ ಹೋಗಿದ್ದಿ ಹೌದಿಲ್ಲೋ?"

"ಹೋಗಿದ್ದೆರಿ."

"ಮತ್ತ, ಅದು ಕಡಿಮಿ ಆತೇನು?"

ಸಾಹುಕಾರರು ಟೊಪ್ಪಿಗೆ ತೆಗೆದು ಮುಖ ಒರೆಸಿಕೊಂಡರು. ಯಾದಗಿರಿಯಲ್ಲಿ ಅಣ್ಣ ಇಳಿದು ಎಲ್ಲರಿಗೂ ಬಜಿ ತಂದ, ಸಾಹುಕಾರರಿಗೆ ಎರಡು ಹೆಚ್ಚು ಕೊಟ್ಟ.

ಬಣ್ಣದ ಫೋಟೋಗಳು ತೊಳೆದು ಬಂದ ಮೇಲೆ, ಮುಂದಿನ ಅಮಾವಾಸ್ಯೆಗೆ ನಮ್ಮ ಮನೆಯವರು ಓಣಿಯವರನ್ನೆಲ್ಲ ಕರೆದರು. ಈ ಸಲ ವಿಮಾನಗಳು ಅಂಗೈಯಷ್ಟು ದೊಡ್ಡದಾಗಿ ಬಂದಿದ್ದವು. ಫೋಟೋ ಒಂದೊಂದನ್ನೇ ಕೈಯಿಂದ ಕೈಗೆ ದಾಟಿಸುತ್ತಿದ್ದರೆ ಸಾಹುಕಾರರು ವಿವರಿಸುತ್ತಿದ್ದರು. ಎದುರಿನ ಬಟ್ಟೆ ಅಂಗಡಿಯವರು ಒಂದು ಫೋಟೋ ಹಿಡಿದು ಕೇಳಿದರು, "ಸಾವ್ಕಾರ್ರ, ನೀವು ಹಾರಿದ್ದು ಇಂಥಾದ್ರಾಗ ಏನ್ರಿ?"

ಅಣ್ಣ ಕೆಮ್ಮಿದ. ನಾನು ತಟ್ಟೆ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ.

"ನಾ ಹಾರಿಲ್ರಿ," ಎಂದರು ಸಾಹುಕಾರರು. "ಹತ್ತಿ ಇಳದೇನಿ."

ಬಟ್ಟೆ ಅಂಗಡಿಯವರು ಅದನ್ನು ಚೇಷ್ಟೆ ಎಂದು ತಿಳಿದು ಜೋರಾಗಿ ನಕ್ಕರು. ಸಾಹುಕಾರರು ಅವರು ನಗುವುದು ಮುಗಿಯಲಿ ಎಂದು ಕಾದು, ಮುಂದಿನ ಫೋಟೋ ಕೈಗೆತ್ತಿಕೊಂಡರು. ಯಾವ ವಿಮಾನ ಎಲ್ಲಿಂದ ಬಂತು, ಎಲ್ಲಿ ತಿರುಗಿತು, ಹೊಗೆ ಯಾವ ಬಣ್ಣದ್ದಿತ್ತು, ಆಗ ತಾವು ಎಲ್ಲಿ ಕುಳಿತಿದ್ದೆವು ಎಂದೆಲ್ಲ ಹೇಳಿದರು. ತಪ್ಪಿದ ಕಡೆ ಅತ್ತೆ ತಿದ್ದಿದರು. ಎಲ್ಲವೂ ಕಣ್ಣಾರೆ ಕಂಡದ್ದೇ ಆದ್ದರಿಂದ ಹೇಳದೆ ಬಿಡುವುದಕ್ಕೆ ಸಾಹುಕಾರರಿಗೆ ಒಂದೂ ಸಿಗಲಿಲ್ಲ. ಓಣಿಯವರು ಒಬ್ಬೊಬ್ಬರಾಗಿ ಎದ್ದು ಹೋದರು. ಬಟ್ಟೆ ಅಂಗಡಿಯವರು ಎರಡು ಸಲ ಏಳಲು ನೋಡಿ, ಎರಡು ಸಲವೂ ಕುಳಿತರು.

ಅತ್ತೆ ಇನ್ನೊಂದು ಸುತ್ತು ಚಹಾ ಇಡಲು ಹೇಳಿದರು. ಸಕ್ಕರೆ ಮುಗಿದಿತ್ತು. ಬೆಲ್ಲ ಹಾಕಿ ಇಟ್ಟೆ.